ಬಿರಡೆಗಳೆಲ್ಲ ನಾಯಿಮರಿಗೆ

ವರ್ಷ ವರ್ಷವೂ ನಾವು ನಾಯಿಮರಿಯ ಎದುರು ಸೋಲುತ್ತಿದ್ದೆವು. ದೊಡ್ಡ ನಾಯಿಯ ಎದುರೂ ಅಲ್ಲ, ಇನ್ನೂ ಹಲ್ಲು ಗಟ್ಟಿಯಾಗದ ಮರಿಯ ಎದುರು. ಇದನ್ನು ಯಾರಿಗೆ ಹೇಳಿದರೂ ಮೊದಲು ನಗುತ್ತಾರೆ. ಅದಕ್ಕೇ ಹೇಳುವುದನ್ನೇ ಬಿಟ್ಟಿದ್ದೆ. ಈಗ ಹೇಳುತ್ತಿದ್ದೇನೆ, ನಗುವವರು ಈಗಲೇ ನಕ್ಕು ಮುಗಿಸಿಬಿಡಿ.

ನಮ್ಮೂರು ಬರ್ಚ್ ಹಾರ್ಬರಿನಲ್ಲಿ ದ್ರಾಕ್ಷಿ ಕೊಯ್ಲು ಮುಗಿದ ಮೇಲೆ ಬರುವ ಒಂದು ಭಾನುವಾರ ಅಗ್ನಿಶಾಮಕ ಠಾಣೆಯ ಕೆಂಪು ಲಾರಿಗಳನ್ನು ಹೊರಗೆ ನಿಲ್ಲಿಸಿ, ಒಳಗೆ ನೆಲ ತೊಳೆದು, ಮೇಜು ಹಾಕುತ್ತೇವೆ. ಸರೋವರದ ದಂಡೆಯ ತೋಟದವರು ವೈನ್ ತರುತ್ತಾರೆ. ಹೋಟೆಲಿನವರು, ಅಡುಗೆಯಲ್ಲಿ ಕೈಗುಣ ಇದೆಯೆಂದು ತಮಗೆ ತಾವೇ ಅಂದುಕೊಂಡವರು, ಎಲ್ಲರೂ ಒಂದೊಂದು ತುತ್ತಿನ ತಿನಿಸು ಮಾಡಿ ತರುತ್ತಾರೆ. ಟಿಕೆಟ್ ಕೊಂಡು ಬಂದವರಿಗೆ ಬಾಗಿಲಲ್ಲೇ ಒಂದು ವೈನ್ ಗ್ಲಾಸು, ಒಂದು ಕಾರ್ಕಿನ ಬಿರಡೆ. ಗ್ಲಾಸನ್ನು ಮನೆಗೆ ಒಯ್ಯಬಹುದು. ನಮ್ಮೂರಲ್ಲಿ ಯಾರ ಮನೆಯ ಕಪಾಟು ತೆಗೆದರೂ ಅವೇ ಗ್ಲಾಸುಗಳು. ಮಕ್ಕಳು ಹಾಲು ಕುಡಿಯುವುದೂ ಅವುಗಳಲ್ಲೇ. ಬಿರಡೆಯನ್ನು ಮಾತ್ರ ಇಲ್ಲೇ ಬಿಟ್ಟು ಹೋಗಬೇಕು. ಅದು ಓಟು ಇದ್ದ ಹಾಗೆ. ಬಾಗಿಲ ಬಳಿ ಮೂರು ಗಾಜಿನ ಜಾಡಿ ಇಟ್ಟಿರುತ್ತಾರೆ: ಗ್ರಂಥಾಲಯದ್ದೊಂದು, ಬೀದಿಪಾಲಾದ ಪ್ರಾಣಿಗಳನ್ನು ಸಾಕುವ ಆಶ್ರಯಮನೆಯದ್ದೊಂದು, ನಮ್ಮ ಅಡುಗೆಮನೆಯದ್ದೊಂದು. ಯಾರ ಜಾಡಿಯಲ್ಲಿ ಬಿರಡೆ ಹೆಚ್ಚು ಬಿತ್ತೋ ಅವರಿಗೆ ಆ ದಿನದ ಗಳಿಕೆಯಲ್ಲಿ ದೊಡ್ಡ ಪಾಲು. ಉಳಿದ ಇಬ್ಬರಿಗೆ ಚೂರುಪಾರು.

ಆಶ್ರಯಮನೆಯ ಮಾರ್ಗೊ ಪ್ರತಿ ಸಲ ಒಂದು ಮರಿಯನ್ನು ತರುತ್ತಾಳೆ. ಅದರ ಕತ್ತಿಗೆ ಕೆಂಪು ಕರವಸ್ತ್ರ ಕಟ್ಟಿ, ಜಾಡಿಯ ಪಕ್ಕದಲ್ಲಿ ಬುಟ್ಟಿಯೊಳಗೆ ಕೂರಿಸುತ್ತಾಳೆ. ಅಷ್ಟೇ. ಒಂದು ಮಾತೂ ಆಡುವುದಿಲ್ಲ. ಹೊಟ್ಟೆ ತುಂಬ ತಿಂದು, ಕಣ್ಣು ಸ್ವಲ್ಪ ಒದ್ದೆಯಾಗುವಷ್ಟು ವೈನ್ ಕುಡಿದು ಹೊರಟ ಜನ ಆ ಮರಿಯನ್ನು ನೋಡುತ್ತಾರೆ, ಮರಿ ಆಕಳಿಸುತ್ತದೆ, ಬಿರಡೆ ಬೀಳುತ್ತದೆ. ಮಾರ್ಗೊ ಕೆಟ್ಟವಳಾಗಿದ್ದರೆ ಬೈದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅವಳು ಒಳ್ಳೆಯವಳು. ನನಗೆ ಜ್ವರ ಬಂದಾಗ ಸೂಪು ತಂದುಕೊಟ್ಟವಳು.

ನಮ್ಮದು ಲೂಥರನ್ ಚರ್ಚಿನ ನೆಲಮಾಳಿಗೆಯ ಅಡುಗೆಮನೆ. ಹೊರಗೆ ಕಾಲಿಡಲಾಗದೆ ಮನೆಯಲ್ಲೇ ಉಳಿದವರಿಗೆ ದಿನಾ ಬಿಸಿಯೂಟ ಕಳಿಸುತ್ತೇವೆ. ಬೆಳಿಗ್ಗೆ ಬೇಯಿಸಿ, ಡಬ್ಬಿಗೆ ತುಂಬಿ, ಮಧ್ಯಾಹ್ನದೊಳಗೆ ಹಂಚಿ ಮುಗಿಸಬೇಕು. ನನ್ನ ಗಂಡ ಹಾರ್ಲನ್ ವ್ಯಾನ್ ಓಡಿಸುತ್ತಾನೆ, ನಾನು ಇಳಿದು ಬಾಗಿಲು ಬಡಿಯುತ್ತೇನೆ. ಬಡಿ, ಕೊಡು, ಓಡು. ಊಟ ಆರಬಾರದು ಎನ್ನುವುದು ನನ್ನ ಹಟ. ಕೊನೆಯ ಮನೆಯ ಡಬ್ಬಿಯಲ್ಲೂ ಹಬೆಯಾಡಬೇಕು. ಹಾಗಾಗಿ ಯಾರ ಮನೆಯ ಹೊಸಿಲನ್ನೂ ನಾನು ದಾಟುತ್ತಿರಲಿಲ್ಲ.

ನಮ್ಮ ಕಷ್ಟ ಇಷ್ಟೇ, ತೋರಿಸಲು ನಮ್ಮ ಬಳಿ ಏನೂ ಇಲ್ಲ. ಮನೆಯಿಂದ ಹೊರಗೆ ಬರಲಾಗದವರನ್ನು ತಂದು ಬುಟ್ಟಿಯಲ್ಲಿ ಕೂರಿಸಲು ಆಗುತ್ತದೆಯೇ? ಅವರನ್ನು ಊರು ನೋಡಿಯೇ ಇಲ್ಲ. ನೋಡದವರಿಗಾಗಿ ಯಾರ ಕೈಯಿಂದ ಬಿರಡೆ ಬೀಳುತ್ತದೆ?

ಈ ವರ್ಷ ಸೋತರೆ ಕಥೆ ಮುಗಿಯಿತು ಎನ್ನುವಂತಾಗಿತ್ತು. ಒಲೆಯ ಮೇಲೆ ಹೊಗೆ ಎಳೆಯುವ ತಗಡಿನ ಗೂಡು ಹಳತಾಗಿದೆ, ಅದರೊಳಗಿನ ಜಿಡ್ಡಿಗೆ ಒಂದು ಕಿಡಿ ಹತ್ತಿದರೆ ಚರ್ಚೇ ಹೋಗುತ್ತದೆ ಎಂದು ಅಗ್ನಿಶಾಮಕ ದಳದ ಮುಖ್ಯಸ್ಥ ವೆಂಡೆಲ್ ಬೇಸಿಗೆಯಲ್ಲೇ ಬಂದು ಹೇಳಿದ್ದ. ಅಕ್ಟೋಬರ್ ಮುಗಿಯುವುದರೊಳಗೆ ಹೊಸದು ಹಾಕಿಸದಿದ್ದರೆ ಒಲೆಗೆ ಮೊಹರು. ದೊಡ್ಡ ಪಾಲು ಸಿಕ್ಕರೆ ಹೊಸ ಗೂಡು ಬರುತ್ತಿತ್ತು, ಚೂರುಪಾರಿನಲ್ಲಿ ಬರುತ್ತಿರಲಿಲ್ಲ. ಅಡುಗೆಮನೆ ಮುಚ್ಚಿದರೆ ಕೌಂಟಿ ಸರ್ಕಾರದವರು ಹೆಪ್ಪುಗಟ್ಟಿದ ಊಟದ ಪೆಟ್ಟಿಗೆಗಳನ್ನು ಕೊರಿಯರಿನಲ್ಲಿ ಕಳಿಸುತ್ತಾರಂತೆ. ಒಂದೇ ಸಲಕ್ಕೆ ಎಷ್ಟೋ ದಿನಕ್ಕೆ ಆಗುವಷ್ಟು. ಬಾಗಿಲ ಮುಂದೆ ಇಟ್ಟು ಹೋಗುತ್ತಾರೆ, ಬಡಿಯುವ ಕೆಲಸವೇ ಇಲ್ಲ.

ತಲೆ ಕೆಟ್ಟು ಕೂತಿದ್ದಾಗ ನನಗೊಂದು ಯೋಚನೆ ಹೊಳೆಯಿತು. ಮಾರ್ಗೊ ಮರಿ ತರುತ್ತಾಳಲ್ಲ, ನಾನು ಓಪಲ್ಲಳನ್ನು ತರುತ್ತೇನೆ.

ಓಪಲ್ ಕ್ವಾಸ್ನಿಕ್ ಒಂದು ಕಾಲಕ್ಕೆ ಬಂದರಿನ ಪಕ್ಕದ ಬಾರಿನ ಒಡತಿ. ನಮ್ಮೂರಿನ ಮದುವೆಗಳು ಕೂಡಿದ್ದು, ಮುರಿದದ್ದು, ದೋಣಿಗಳು ಮಾರಾಟವಾದದ್ದು ಎಲ್ಲ ಅವಳ ಕಟ್ಟೆಯ ಮೇಲೇ. ಸಕ್ಕರೆ ಕಾಯಿಲೆ ಎಡಗಾಲನ್ನು ತಿಂದಿತು, ಬಾರು ಮುಚ್ಚಿತು. ಈಗ ಅದೇ ಬಾರಿನ ಹಿಂದಿನ ಎರಡು ಕೋಣೆಗಳಲ್ಲಿ ಗಾಲಿಕುರ್ಚಿಯ ಮೇಲೆ ಇದ್ದಾಳೆ. ಕಾಲು ಹೋದರೂ ನಾಲಿಗೆ ಹೋಗಿಲ್ಲ. ದಿನಾ ನಾನು ಬಡಿದಾಗ ಬಾಗಿಲು ತೆಗೆದು, ಡಬ್ಬಿ ಇಸಿದುಕೊಂಡು, "ಬಾರೇ ಒಳಗೆ, ಒಂದು ನಿಮಿಷ ಕೂತ್ಕೋ" ಎನ್ನುತ್ತಾಳೆ.

"ಮುಂದಿನವರ ಊಟ ಆರಿಹೋಗತ್ತೆ ಕಣೇ" ಎನ್ನುತ್ತೇನೆ ನಾನು.

"ಆರಿದ್ರೆ ಏನು ಲುಕ್ಸಾನು? ಬಿಸಿ ಇದ್ದಾಗ ಮಾತ್ರ ಏನು ಚೆನ್ನಾಗಿರತ್ತಾ?"

ನಾನು ನಗುತ್ತಾ ಮೆಟ್ಟಿಲಿಳಿದಿರುತ್ತೇನೆ.

ವಿಷಯ ಹೇಳಿದಾಗ ಅವಳು ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ನನ್ನನ್ನೇ ನೋಡಿದಳು.

"ನನ್ನ ಕತ್ತಿಗೂ ಕೆಂಪು ಕರವಸ್ತ್ರ ಕಟ್ತೀಯಾ?"

"ಕಟ್ಟಬೇಕಾಗಿ ಬಂದ್ರೆ ಕಟ್ತೀನಿ."

"ಬಾಲ ಅಲ್ಲಾಡಿಸ್ಬೇಕಾ? ಈಗ್ಲೇ ಹೇಳ್ಬಿಡು, ಪ್ರಾಕ್ಟೀಸ್ ಮಾಡ್ಕೋತೀನಿ."

"ತಮಾಷೆ ಸಾಕು, ಓಪಲ್. ಮೈಕ್ ಕೊಡಿಸ್ತೀನಿ, ನಾಲ್ಕು ಮಾತಾಡು. ಊಟ ಬರದಿದ್ರೆ ನಿನ್ನ ಗತಿ ಏನು ಅಂತ ಹೇಳು. ನೀನು ಹೇಳಿದ್ರೆ ಜನ ಕೇಳ್ತಾರೆ. ಊರೆಲ್ಲ ನಿನ್ನ ಬಾರಲ್ಲಿ ಕುಡಿದೋರೇ."

ಅವಳು ಡಬ್ಬಿಯ ಮುಚ್ಚಳವನ್ನು ಒತ್ತಿ ಭದ್ರ ಮಾಡಿದಳು. ಆಮೇಲೆ, "ಅದೇ ನೋಡು" ಎಂದಳು. "ಎಲ್ಲ ನನ್ನ ಬಾರಲ್ಲಿ ಕುಡಿದೋರೇ." ಹಾಗೆಂದವಳು, "ಸರಿ, ನನ್ನ ತಲೆ ಬಾಚೋಕೆ ಯಾರನ್ನಾದ್ರೂ ಕಳ್ಸು" ಎಂದು ಬಾಗಿಲು ಹಾಕಿಕೊಂಡಳು. ಒಪ್ಪಿದಳು ಎಂಬ ಖುಷಿಯಲ್ಲಿ ನಾನು ಹಿಂದಿನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ವ್ಯಾನಿನಲ್ಲಿ ಹಾರ್ಲನ್‌ಗೆ, "ಈ ಸಲ ಗೆದ್ದೆವು" ಎಂದೆ. ಅವನು ಗೇರು ಬದಲಿಸಿದ. ಅವನು ಮಾತಿಗಿಂತ ಗೇರು ಬದಲಿಸುವುದೇ ಹೆಚ್ಚು.

ಭಾನುವಾರ ಮೊದಲ ವಿಘ್ನ ಬಾಗಿಲಲ್ಲೇ ಕಾದಿತ್ತು. ಗಾಲಿಕುರ್ಚಿ ಹತ್ತುವ ಇಳಿಜಾರಿನ ಮೇಲೆ ಅಂದಕ್ಕೆಂದು ವೈನಿನ ಪೀಪಾಯಿಗಳನ್ನು ಜೋಡಿಸಿ, ಅವುಗಳ ಮೇಲೆ ಕುಂಬಳಕಾಯಿ ಇಟ್ಟಿದ್ದರು.

"ವೆಂಡೆಲ್, ಇದನ್ನ ಸರಿಸು."

"ಈಗ್ಲಾ? ಎಷ್ಟು ಚೆನ್ನಾಗಿ ಕಾಣ್ತಿದೆ ನೋಡು" ಎಂದ ವೆಂಡೆಲ್.

"ಬೆಂಕಿ ಬಿದ್ರೆ ದಾರಿ ಬೇಡ್ವಾ? ನನ್ನ ಒಲೆ ಮುಂದೆ ನಿಂತಾಗ ಮಾತ್ರ ನಿನಗೆ ನಿಯಮ ನೆನಪಾಗತ್ತಾ?"

ಗೊಣಗುತ್ತಾ ಪೀಪಾಯಿ ಉರುಳಿಸಿದ. ಕುಂಬಳಕಾಯಿ ಒಂದು ಬಿದ್ದು ಒಡೆಯಿತು. ಓಪಲ್ ಅದರ ಮೇಲೇ ಗಾಲಿ ಹತ್ತಿಸಿಕೊಂಡು ಒಳಗೆ ಬಂದಳು.

ಅವಳು ಹಸಿರು ಅಂಗಿ ತೊಟ್ಟು, ತುಟಿಗೆ ಬಣ್ಣ ಹಚ್ಚಿ, ತಲೆಯನ್ನು ಎತ್ತಿ ಕಟ್ಟಿಸಿಕೊಂಡಿದ್ದಳು. ನೋಡಿ ನನಗೆ ಸ್ವಲ್ಪ ಬೇಜಾರೇ ಆಯಿತು. ಹಳೆಯ ಸ್ವೆಟರಿನಲ್ಲೇ ಬಂದಿದ್ದರೆ ಕೆಲಸ ಸುಲಭವಾಗುತ್ತಿತ್ತು ಎಂದು ಮನಸ್ಸಿನಲ್ಲಿ ಅಂದುಕೊಂಡೆ. ನಾನು ಎಂಥವಳಾಗಿದ್ದೆ ನೋಡಿ.

ಜನ ಮುತ್ತಿಕೊಂಡರು. "ಓಪಲ್! ಅಯ್ಯೋ ದೇವರೇ, ನೀನಿನ್ನೂ ಇದ್ದೀಯಾ!" ಎಂದ ದೋಣಿ ರಿಪೇರಿಯವನು.

"ಇದ್ದೀನಿ. ನಿನ್ನ ಹೆಂಡ್ತಿಗೆ ಹೇಳದೆ ಇಟ್ಕೊಂಡಿರೋ ಗುಟ್ಟುಗಳೂ ಹಾಗೇ ಇವೆ" ಎಂದಳು ಓಪಲ್. ಸುತ್ತ ನಿಂತವರು ಬಿದ್ದು ಬಿದ್ದು ನಕ್ಕರು. ಅವನು ನಗದೆ ಅತ್ತ ಸರಿದ.

ಅವಳ ಮನೆ ಅಲ್ಲಿಂದ ಕೂಗಳತೆಯ ದೂರ. ಇಷ್ಟು ವರ್ಷ ಒಬ್ಬರೂ ಅತ್ತ ತಲೆ ಹಾಕಿರಲಿಲ್ಲ. ಈಗ ನೋಡಿದರೆ ಅವಳ ಕುರ್ಚಿ ಹಿಡಿಯಲು ಪೈಪೋಟಿ. ನನ್ನ ಹೊಟ್ಟೆ ಉರಿದರೂ, ಉರಿಯಲಿ, ಬಿರಡೆ ಬಿದ್ದರೆ ಸಾಕು ಎಂದುಕೊಂಡೆ.

ನಮ್ಮ ಮೇಜಿನಲ್ಲಿ ನಾನು ಬೇರೆ ಏನೂ ಇಡಲಿಲ್ಲ, ನಾವು ಮನೆಮನೆಗೆ ಕಳಿಸುವ ಊಟವನ್ನೇ ಇಟ್ಟೆ. ಟ್ಯೂನಾ ಮೀನು, ನೂಡಲ್ಸು, ಅಣಬೆ ಸೂಪು ಕಲಸಿ, ಮೇಲೆ ಆಲೂಗಡ್ಡೆ ಚಿಪ್ಸು ಪುಡಿ ಮಾಡಿ ಉದುರಿಸಿ, ಓವನ್ನಿನಲ್ಲಿ ಕೆಂಪಗೆ ಬೇಯಿಸಿದ್ದು. ಚಿಕ್ಕ ಕಾಗದದ ಬಟ್ಟಲಿನಲ್ಲಿ ಚಮಚೆಯಷ್ಟು. ಪಕ್ಕದ ಮೇಜಿನಲ್ಲಿ ಬೆಟ್ಟದ ಮೇಲಿನ ತೋಟದ ಯುವಕ ಗ್ಲಾಸು ತಿರುವುತ್ತಾ ಎಲ್ಲರಿಗೂ ಬಿಳಿ ವೈನ್ ವರ್ಣಿಸುತ್ತಿದ್ದ. ಡಾಕ್ಟರು ಬೇಡ ಎಂದಿದ್ದರೂ ಓಪಲ್ ನಾಲಿಗೆ ನೆನೆಯುವಷ್ಟು ಹಾಕಿಸಿಕೊಂಡಳು.

"ಇದ್ರಲ್ಲಿ ಮಳೆಗೆ ನೆಂದ ಕಲ್ಲಿನ ರುಚಿ ಬರತ್ತೆ ನೋಡಿ ಮೇಡಂ" ಎಂದ ಅವನು.

"ಕಲ್ಲು ನೆಕ್ಕಿದ್ದೀಯೇನಪ್ಪಾ?"

ಅವನು ಪೆಚ್ಚಾದ. ಓಪಲ್ ಗ್ಲಾಸನ್ನು ಬೆಳಕಿಗೆ ಹಿಡಿದು, "ಚೆನ್ನಾಗಿದೆ. ಆದ್ರೆ ಇಷ್ಟೊಂದು ಮಾತಾಡ್ಬೇಡ, ಕುಡಿಯೋರಿಗೆ ಭಯ ಆಗತ್ತೆ" ಎಂದು ಬುದ್ಧಿ ಹೇಳಿದಳು.

ಆ ದಿನ ನನ್ನ ಟ್ಯೂನಾಕ್ಕೆ ಸಿಕ್ಕ ಹೊಗಳಿಕೆ ಕೇಳಿದ್ದರೆ ನೀವೂ ಗೆಲುವು ನಮ್ಮದೇ ಅನ್ನುತ್ತಿದ್ದಿರಿ. ಹೊಗೆಯಲ್ಲಿಟ್ಟ ಮೀನಿನ ಬಿಸ್ಕತ್ತು, ಚೆರಿಹಣ್ಣು ತುಂಬಿದ ಹಂದಿಮಾಂಸ ಎಲ್ಲ ಬಿಟ್ಟು ಜನ ನಮ್ಮ ಮೇಜಿಗೆ ತಿರುತಿರುಗಿ ಬಂದರು. ಒಬ್ಬಳಿಗೆ ಅವಳ ಅಜ್ಜಿ ನೆನಪಾದಳು, ಒಬ್ಬನಿಗೆ ಸ್ಕೂಲು ನೆನಪಾಯಿತು. ಒಬ್ಬ ಹೆಂಗಸಂತೂ ಬಟ್ಟಲು ಹಿಡಿದು ಕಣ್ಣೀರೇ ಹಾಕಿದಳು. ನಾನು ಒಬ್ಬೊಬ್ಬರಿಗೂ, "ಇದು ದಿನಾ ಮನೆಮನೆಗೆ ಹೋಗೋ ಊಟ, ಒಲೆ ಮುಚ್ಚೋ ಹಾಗಾಗಿದೆ, ಬಿರಡೆ ನಮಗೇ ಹಾಕಿ" ಎಂದು ಹೇಳಿದೆ. ಎಲ್ಲರೂ ತಲೆಯಾಡಿಸಿದರು. ತಲೆಯಾಡಿಸುವುದರಲ್ಲಿ ನಮ್ಮೂರಿನವರದು ಎತ್ತಿದ ಕೈ. ಬಾಯಲ್ಲಿ ಟ್ಯೂನಾ ಇಟ್ಟುಕೊಂಡೇ ನಡೆದು ಹೋಗಿ, "ಅಯ್ಯೋ ಮುದ್ದೇ" ಎಂದು ನಾಯಿಯ ಜಾಡಿಗೆ ಹಾಕಿದರು.

ಈ ಸಲದ ಮರಿಯ ಹೆಸರು ಬಟನ್. ಕಂದು ಬಣ್ಣ, ಒಂದು ಕಿವಿ ನೆಟ್ಟಗೆ, ಒಂದು ಮಡಚಿಕೊಂಡಿತ್ತು. ಅದೂ ಸಾಲದು ಎಂಬಂತೆ ಆಗಾಗ ಬಿಕ್ಕಳಿಸುತ್ತಿತ್ತು.

ವೆಂಡೆಲ್ ಮತ್ತೆ ಬಟ್ಟಲು ಚಾಚಿದ. "ಲೋರ್ನ, ಇದನ್ನ ಹೇಗೆ ಮಾಡ್ತೀಯೇ ಮಾರಾಯ್ತಿ?"

"ನೀನು ಮುಚ್ಚಿಸ್ತಿರೋ ಒಲೆ ಮೇಲೆ."

"ನಿಯಮ ನನ್ನ ಕೈಲಿಲ್ಲ ಕಣೇ."

"ಗೊತ್ತು. ನಿನ್ನ ಕೈಲಿರೋದು ನನ್ನ ಟ್ಯೂನಾ. ತಿನ್ನು. ತಿಂದು, ಓಪಲ್‌ಗೆ ಮೈಕ್ ಕೊಡು."

ಅವನು ಅಷ್ಟು ಮಾಡಿದ. ಅರ್ಧದಷ್ಟು ಬಿರಡೆಗಳು ಇನ್ನೂ ಜನರ ಜೇಬಿನಲ್ಲೇ ಇದ್ದವು. ವೆಂಡೆಲ್ ಗ್ಲಾಸಿಗೆ ಚಮಚೆ ಬಡಿದು ಎಲ್ಲರನ್ನೂ ಸುಮ್ಮನಾಗಿಸಿ, "ನಮ್ಮ ಓಪಲ್ ಎರಡು ಮಾತಾಡ್ತಾಳೆ" ಎಂದ. ಓಪಲ್ ಮೈಕ್ ಹಿಡಿದು ಜನರನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ನೋಡಿದಳು. ನನ್ನನ್ನೂ ನೋಡಿದಳು. ಹೇಳು, ಹೇಳು ಎಂದು ಕಣ್ಣಿನಲ್ಲೇ ಬೇಡಿಕೊಂಡೆ.

"ನಾನು ಚೆನ್ನಾಗಿದ್ದೀನಿ" ಎಂದಳು. "ನೀವೆಲ್ಲ ದಪ್ಪ ಆಗಿದ್ದೀರಾ."

ಠಾಣೆಯ ಚಾವಣಿ ಹಾರುವ ಹಾಗೆ ನಗು, ಚಪ್ಪಾಳೆ. ಓಪಲ್ ಮೈಕನ್ನು ವೆಂಡೆಲ್‌ಗೆ ವಾಪಸ್ಸು ಕೊಟ್ಟಳು. ಅಷ್ಟೇ ಅವಳ ಭಾಷಣ.

ನನಗೆ ಮೈ ಪರಚಿಕೊಳ್ಳುವಂತಾಯಿತು. ಕುರ್ಚಿಯ ಬಳಿ ಬಗ್ಗಿ, "ಏನೇ ಇದು? ಇದಕ್ಕಾ ನಿನ್ನನ್ನ ಕರ್ಕೊಂಡು ಬಂದಿದ್ದು? ಚೆನ್ನಾಗಿದ್ದೀಯಂತೆ! ದಿನಾ ಊಟ ತರೋದು ಯಾರು?" ಎಂದು ಹಲ್ಲು ಕಚ್ಚಿಕೊಂಡು ಕೇಳಿದೆ.

"ಮೆಲ್ಲಗೆ ಮಾತಾಡು" ಎಂದಳು ಅವಳು. ಅವಳ ಕಿವಿಗಳು ಕೆಂಪಾಗಿದ್ದವು.

ಅದೇ ಹೊತ್ತಿಗೆ ಮಾರ್ಗೊ ಮರಿಯನ್ನು ಎತ್ತಿಕೊಂಡು ಓಡಿ ಬಂದಳು. ಆಶ್ರಯಮನೆಯಿಂದ ಫೋನು, ಹೆದ್ದಾರಿಯಲ್ಲಿ ಯಾವುದೋ ನಾಯಿಗೆ ಗಾಡಿ ತಗುಲಿದೆಯಂತೆ. "ಲೋರ್ನ, ಒಂದು ಗಳಿಗೆ ಹಿಡ್ಕೋತೀಯಾ? ಬುಟ್ಟಿಯಲ್ಲಿ ಬಿಟ್ರೆ ಜಿಗಿದುಬಿಡತ್ತೆ" ಎಂದು ನನ್ನ ಕೈಗೆ ತುರುಕಿ ಹೊರಗೆ ಹೋದಳು. ಠಾಣೆಯ ಹಿಂದಿನ ಕೋಣೆಯ ಓವನ್ನಿನಲ್ಲಿ ನನ್ನ ಕೊನೆಯ ತಟ್ಟೆ ಸೀಯುವ ವಾಸನೆ ಬರುತ್ತಿತ್ತು. ಸುತ್ತ ನೋಡಿದೆ, ಹಾರ್ಲನ್ ಕಾಣಲಿಲ್ಲ. ಮರಿಯನ್ನು ಓಪಲ್ಲಳ ತೊಡೆಯ ಮೇಲೆ ಇಟ್ಟು ಓಡಿದೆ.

ಇಟ್ಟವಳು ನಾನೇ. ಬೇರೆ ಯಾರನ್ನೂ ದೂರುವ ಹಾಗಿಲ್ಲ.

ತಟ್ಟೆ ಹಿಡಿದು ವಾಪಸ್ಸು ಬಂದರೆ ನಮ್ಮ ಮೇಜಿನ ಸುತ್ತ ಜನವೋ ಜನ. ಟ್ಯೂನಾಕ್ಕಲ್ಲ. ಓಪಲ್ಲಳ ಹಸಿರು ಅಂಗಿಯ ಮಡಿಲಲ್ಲಿ ಬಟನ್ ಅಂಗಾತ ಮಲಗಿ ಬಿಕ್ಕಳಿಸುತ್ತಿತ್ತು. ಅವಳು ಒಂದು ಬೆರಳಿನಿಂದ ಅದರ ಹೊಟ್ಟೆ ಸವರುತ್ತಿದ್ದಳು. ಅವಳ ಮುಖ ಹೇಗಾಗಿತ್ತು ಎಂದರೆ, ನಾನು ದಿನಾ ನೋಡುವ ಆ ಮುಖವೇ ಇದು ಎಂದು ನಂಬಲಾಗಲಿಲ್ಲ. ಎಲ್ಲರೂ ಫೋನು ಎತ್ತಿ ಫೋಟೋ ಹೊಡೆಯುತ್ತಿದ್ದರು.

"ಪಾಪ, ಒಬ್ಬಳೇ ಇರೋಳಿಗೆ ಇಂಥದ್ದೊಂದು ಜೀವ ಜೊತೆಗಿದ್ರೆ ಎಷ್ಟು ಚೆನ್ನ!" ಎಂದಳು ನಮ್ಮ ಚರ್ಚಿನ ಪಾದ್ರಿಯ ಹೆಂಡತಿ. ನಮ್ಮ ಚರ್ಚಿನ, ನಮ್ಮದೇ ಚರ್ಚಿನ ಪಾದ್ರಿಯ ಹೆಂಡತಿ. ಕಣ್ಣು ಒರೆಸಿಕೊಂಡು ನೆಟ್ಟಗೆ ಹೋಗಿ ನಾಯಿಯ ಜಾಡಿಗೆ ಬಿರಡೆ ಹಾಕಿದಳು. ಅವಳ ಹಿಂದೆ ಒಬ್ಬರಾದ ಮೇಲೆ ಒಬ್ಬರು ಸಾಲು ಹಿಡಿದರು. ನಾನು ಬಿಸಿ ತಟ್ಟೆ ಹಿಡಿದು, "ಆ ಜಾಡಿ ಅಲ್ಲ, ಈ ಜಾಡಿ! ಅವಳಿಗೆ ಊಟ ಹಾಕೋರು ನಾವು!" ಎಂದು ಕೂಗಿದೆ. ಒಬ್ಬ ತಿರುಗಿ, "ಇನ್ನೂ ಇದೆಯಾ? ಕೊಡು" ಎಂದು ತಟ್ಟೆಗೆ ಕೈ ಹಾಕಿದ.

ಕೊನೆಗೆ ಜಾಡಿಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಎಣಿಸುವ ಅಗತ್ಯವೇ ಬೀಳಲಿಲ್ಲ. ನಾಯಿಯ ಜಾಡಿ ತುಂಬಿ, ಪಕ್ಕದಲ್ಲಿ ಬಕೆಟ್ ಇಟ್ಟಿದ್ದರು. ನಮ್ಮ ಜಾಡಿಯ ತಳ ಕಾಣುತ್ತಿತ್ತು. ಆಮೇಲೆ ವೆಂಡೆಲ್ ನನ್ನನ್ನು ಕರೆದು, ಆ ದಿನದ ಎಲ್ಲಕ್ಕಿಂತ ರುಚಿಯಾದ ತಿನಿಸು ಎಂದು ಎದೆಗೆ ನೀಲಿ ರಿಬ್ಬನ್ ಚುಚ್ಚಿದ. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆ ರಿಬ್ಬನ್ ಕಿತ್ತು ಅವನ ಬಾಯಿಗೇ ತುರುಕಬೇಕು ಅನ್ನಿಸಿತು. ಥ್ಯಾಂಕ್ಸ್ ಎಂದೆ.

ಮಾರ್ಗೊ ಬಂದು ನನ್ನನ್ನು ತಬ್ಬಿಕೊಂಡಳು. "ಬಟನ್‌ನ ಓಪಲ್ ಇಟ್ಕೋತಾಳಂತೆ! ಎಲ್ಲ ನಿನ್ನಿಂದಾನೇ ಲೋರ್ನ!" ಎಂದಳು. ಹೌದು, ಎಲ್ಲ ನನ್ನಿಂದಲೇ.

ಹೊತ್ತು ಇಳಿಯುವಾಗ ಓಪಲ್ಲಳನ್ನು ವ್ಯಾನಿಗೆ ಹತ್ತಿಸಿಕೊಂಡು ಹೊರಟೆವು. ಮರಿ ಅವಳ ಮಡಿಲಲ್ಲೇ ನಿದ್ದೆ ಹೋಗಿತ್ತು. ಸುಮ್ಮನಿರೋಣ ಎಂದು ಬಹಳ ಪ್ರಯತ್ನಪಟ್ಟೆ, ಆಗಲಿಲ್ಲ.

"ನಿನ್ನ ಬಿರಡೆ ಯಾವ ಜಾಡಿಗೆ ಹಾಕ್ದೆ?"

"ನಾಯಿಗೆ."

ಹಾರ್ಲನ್ ಗೇರು ಬದಲಿಸಿದ.

"ನಾಯಿಗಾ! ಇಷ್ಟು ವರ್ಷ ದಿನಾ ಬಾಗಿಲಿಗೆ ಊಟ ತಂದುಕೊಟ್ಟೆ, ಓಪಲ್. ಹಿಮ ಬೀಳ್ತಿದ್ರೂ ತಂದೆ. ಮೊಣಕಾಲು ಊದ್ಕೊಂಡಿದ್ರೂ ತಂದೆ. ಒಂದು ಮಾತು, ಒಂದೇ ಒಂದು ಮಾತು ಕೇಳಿದೆ ನಿನ್ನ. ಅದನ್ನೂ ಆಡ್ಲಿಲ್ಲ, ಬಿರಡೆನೂ ಹಾಕ್ಲಿಲ್ಲ."

"ಏನಂತ ಆಡ್ಲೇ?" ಅವಳ ದನಿಯೂ ಏರಿತು. "ಅವರಿಗೆಲ್ಲ ಗ್ಲಾಸು ತುಂಬಿಸಿಕೊಟ್ಟೋಳು ನಾನು. ಕುಡಿದು ಬಿದ್ದೋರನ್ನ ಮನೆಗೆ ಕಳಿಸ್ತಿದ್ದೋಳು. ಅವರೆದುರು ಮೈಕ್ ಹಿಡಿದು, ಅಯ್ಯಾ ನನಗೆ ಊಟ ಹಾಕಿ ಅನ್ಲಾ? ನೀನು ಅಂತಿದ್ಯಾ?"

ಅದೇ ನೋಡು, ಎಲ್ಲ ನನ್ನ ಬಾರಲ್ಲಿ ಕುಡಿದೋರೇ ಎಂದು ಅವಳು ಆ ದಿನವೇ ಹೇಳಿದ್ದಳಲ್ಲ.

"ಇನ್ನೊಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡ" ಎಂದಳು. "ನಿನ್ನ ಟ್ಯೂನಾ ನನಗೆ ಸೇರಲ್ಲ. ಯಾವತ್ತೂ ಸೇರಿಲ್ಲ. ಅರ್ಧ ಪಕ್ಕದ ಮನೆ ಬೆಕ್ಕಿಗೆ ಹಾಕ್ತೀನಿ."

"ಮತ್ತೆ ದಿನಾ ಯಾಕೆ ಇಸ್ಕೊಳ್ತಿದ್ದೆ?"

"ಇಸ್ಕೊಳ್ದೇ ಇದ್ರೆ ನೀನು ಯಾಕೆ ಬರ್ತಿದ್ದೆ?" ಎಂದಳು ಓಪಲ್. ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. "ಈ ಸಲಾನೂ ನೀವು ಸೋಲ್ತೀರಿ ಅಂತ ಒಳಗೆ ಬಂದ ಕೂಡಲೇ ಗೊತ್ತಾಯ್ತು. ಮುಂದಿನ ತಿಂಗಳಿಂದ ಪೆಟ್ಟಿಗೆ ಬರತ್ತೆ, ಯಾರೂ ಬಡಿಯಲ್ಲ. ಮನೆಯಲ್ಲಿ ಸದ್ದು ಮಾಡೋ ಜೀವ ಒಂದಾದ್ರೂ ಬೇಕಲ್ಲ."

ನನಗೆ ಸಿಟ್ಟೂ ಇತ್ತು, ಅಳುವೂ ಇತ್ತು, ಯಾವುದನ್ನು ಮೊದಲು ಹೊರಗೆ ಬಿಡಬೇಕೋ ತಿಳಿಯಲಿಲ್ಲ. "ಒಂದೇ ಕಾಲಲ್ಲಿ ಅದನ್ನ ಹೊರಗೆ ಹೇಗೆ ಅಡ್ಡಾಡಿಸ್ತೀಯ?" ಎಂದಷ್ಟೇ ಕೇಳಿದೆ. ಅವಳು ಮರಿಯ ಮಡಚಿದ ಕಿವಿಯನ್ನು ನೇವರಿಸಿದಳು. ಬಾಗಿಲವರೆಗೆ ಕುರ್ಚಿ ತಳ್ಳಿಕೊಟ್ಟೆ, ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಸಂಜೆ ಬಾರೇ ಒಳಗೆ ಎನ್ನಲಿಲ್ಲ.

ತಿಂಗಳ ಕೊನೆಯವರೆಗೆ ಒಲೆ ಉರಿಯಿತು. ದಿನಾ ಡಬ್ಬಿ ಕೊಟ್ಟೆವು. ಓಪಲ್ ತೆಗೆದುಕೊಂಡು ಬಾಗಿಲು ಹಾಕಿಕೊಳ್ಳುತ್ತಿದ್ದಳು. ಕೊನೆಯ ದಿನ ವೆಂಡೆಲ್ ತಾನೇ ಬಂದು ಒಲೆಗೆ ಮೊಹರಿನ ಪಟ್ಟಿ ಅಂಟಿಸಿದ. ಮುಖ ಎತ್ತದೆ, "ಮುಂದಿನ ವರ್ಷ ನೋಡೋಣ ಕಣೇ" ಎಂದ. ನಾನು ಪಾತ್ರೆ ತೊಳೆದೆ. ತೊಳೆದಿದ್ದನ್ನೇ ಮತ್ತೆ ತೊಳೆದೆ.

ಮರುದಿನ ಬೆಳಿಗ್ಗೆ ಹಾರ್ಲನ್ ಅಭ್ಯಾಸಬಲದಿಂದ ವ್ಯಾನ್ ಶುರು ಮಾಡಿ ಕೂತಿದ್ದ. ನಾನೂ ಹೋಗಿ ಪಕ್ಕದಲ್ಲಿ ಕೂತೆ. ಹಿಂದೆ ಒಂದು ಡಬ್ಬಿಯೂ ಇರಲಿಲ್ಲ. ತಿರುವಿನಲ್ಲಿ ಸದ್ದು ಮಾಡುವ ಖಾಲಿ ಕಪಾಟುಗಳು ಮಾತ್ರ.

"ಎಲ್ಲಿಗೆ?" ಎಂದ.

"ದಿನಾ ಎಲ್ಲಿಗೆ?" ಎಂದು ರೇಗಿದೆ.

ಮೊದಲ ಮನೆ ಓಪಲ್ಲಳದ್ದು. ಬಾಗಿಲ ಪಕ್ಕದಲ್ಲಿ ಕೌಂಟಿಯ ಪೆಟ್ಟಿಗೆ ಆಗಲೇ ಬಂದು ಕೂತಿತ್ತು. ನಾನು ಮೆಟ್ಟಿಲು ಹತ್ತಿ ನಿಂತೆ. ಬರಿಗೈಯಲ್ಲಿ ಯಾರ ಬಾಗಿಲಲ್ಲೂ ನಿಂತು ನನಗೆ ಗೊತ್ತೇ ಇರಲಿಲ್ಲ. ಕೈ ಎಲ್ಲಿಡುವುದೆಂದು ತಿಳಿಯದೆ ಕೋಟಿನ ಜೇಬಿಗೆ ಹಾಕಿದೆ, ತೆಗೆದೆ. ವಾಪಸ್ಸು ಹೋಗಿಬಿಡೋಣ ಅನ್ನಿಸಿತು. ನಾಚಿಕೆಯಾಯಿತು. ಕೊನೆಗೆ ಬಡಿದೆ.

ಒಳಗೆ ಬಟನ್ ಬೊಗಳಿತು. ಗಾಲಿಗಳ ಸದ್ದು ಹತ್ತಿರ ಬಂತು. ಬಾಗಿಲು ಒಂದಿಷ್ಟು ತೆರೆಯಿತು. ಓಪಲ್ ಮೊದಲು ನನ್ನ ಮುಖ ನೋಡಿದಳು, ಆಮೇಲೆ ಕೈ ನೋಡಿದಳು.

"ಏನು ತಂದೆ?"

"ಏನೂ ಇಲ್ಲ ಕಣೇ."

ಅವಳು ಕುರ್ಚಿಯನ್ನು ಹಿಂದಕ್ಕೆ ಸರಿಸಿ ಬಾಗಿಲನ್ನು ಪೂರ್ತಿ ತೆಗೆದಳು.

"ಹಾಗಾದ್ರೆ ಆರಿಹೋಗೋಕೆ ಏನೂ ಇಲ್ಲ. ಬಾ ಒಳಗೆ."